ಇಂಗ್ಲೆಂಡಿನ ನ್ಯಾಯಪೀಠವೂ ರಾಜ್ಯಾಧಿಕಾರದ ವಿಭಾಗವೂ

ರಾಜ್ಯಾಧಿಕಾರವು ಹೊರಗಿನಿಂದ ನೋಡುವವರಿಗೆ ಒಂದೇ ವಸ್ತುವಾಗಿ ತೋರಿದರೂ ಅದು ಮಾಡುವ ಕೆಲಸ ಮೂರು ಬಗೆಯದು. ನಾಡಿನವರೆಲ್ಲರೂ ಅನುಸರಿಸಬೇಕಾದ ಕಟ್ಟಳೆಗಳನ್ನು ವಿಧಿಸುವುದು ಒಂದು. ಆ ಕಟ್ಟಳೆಗಳಂತೆ ಆಡಳಿತವನ್ನು ನಡೆಸುವುದು ಎರಡನೆಯದು. ಕಟ್ಟಳೆ ಮುರಿಯಿತೇ ಇಲ್ಲವೇ ಎಂಬ ವಿವಾದ ಹುಟ್ಟಿದಾಗ ಉಭಯಪಕ್ಷಗಳ ಮಾತನ್ನೂ ಕೇಳಿ ನಿರ್ಣಯ ಹೇಳುವುದು ಮೂರನೆಯದು. ಮೊದಲನೆಯದನ್ನು ಮಾಡುವ ಅಂಗವನ್ನು ಶಾಸನಾಂಗವೆಂದೂ, ಎರಡನೆಯದನ್ನು ಮಾಡುವುದನ್ನು ಕಾರ್ಯಾಂಗವೆಂದೂ, ಮೂರನೆಯದನ್ನು ಮಾಡುವುದನ್ನು ನ್ಯಾಯಾಂಗವೆಂದೂ ರಾಜ್ಯಶಾಸ್ತ್ರಜ್ಞರು ಕರೆಯುತ್ತಾರೆ. ಈ ಮೂರು ಕೆಲಸಗಳೂ ಒಂದೇ ಕೈಯಲ್ಲಿ ಸೇರಿಕೊಂಡರೆ ಪ್ರಜೆಗೆ ಒದಗುವ ಕಷ್ಟವೇನೆಂಬುದನ್ನು ತಿಳಿಯಲು ದೊಡ್ಡ ಗ್ರಂಥಗಳನ್ನು ಓದಬೇಕಾಗಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ನಮ್ಮ ಗಾದೆಯಲ್ಲಿಯೇ ಅದು ಅಡಗಿದೆ. ತೆರಿಗೆಯನ್ನು ಗೊತ್ತುಮಾಡಿದವನೂ, ಅದನ್ನು ವಸೂಲುಮಾಡುವವನೂ, ವಸೂಲಿ ಅನ್ಯಾಯವಾಯಿತೆಂದು ಮೊರೆಯಿಟ್ಟವನ ಅಹವಾಲನ್ನು ಕೇಳುವವನೂ ಒಬ್ಬನೇ ಆದರೆ, ಮೊರೆಯಿಟ್ಟು ಫಲವೇನು?

ಈ ವಿಚಾರವನ್ನು ಸಿದ್ಧಾಂತವಾಗಿ ನಿರೂಪಿಸಿ ಲೋಕಕ್ಕೆ ಕೊಟ್ಟವನು ಫ್ರಾನ್ಸ್ ದೇಶದ ಮಾಂಟೆಸ್ಕ್ಯೂ. ಆತ 1729ರಿಂದ 1731ರವರೆಗೆ ಇಂಗ್ಲೆಂಡಿನಲ್ಲಿದ್ದು ಅಲ್ಲಿಯ ರಾಜ್ಯಪದ್ಧತಿಯನ್ನು ಕಣ್ಣಾರೆ ನೋಡಿದನು. 1748ರಲ್ಲಿ ಪ್ರಕಟವಾದ, ಶಾಸನಗಳ ಅಂತಸ್ಸತ್ತ್ವವನ್ನು ಕುರಿತ ತನ್ನ ಮಹಾಗ್ರಂಥದಲ್ಲಿ, ಆಂಗ್ಲೇಯರ ಸ್ವಾತಂತ್ರ್ಯಕ್ಕೆ ಮೂಲವು ಈ ಮೂರು ಅಧಿಕಾರಗಳು ಬೇರೆಬೇರೆ ಕೈಗಳಲ್ಲಿರುವುದೇ ಎಂದು ಸಾರಿದನು. ಆ ಮಾತನ್ನು ಅಮೆರಿಕದವರು ಮನಸ್ಸಿಗೆ ತಂದುಕೊಂಡು, 1787ರಲ್ಲಿ ತಮ್ಮ ರಾಜ್ಯಾಂಗವನ್ನು ರಚಿಸುವಾಗ ಮೂರು ಅಂಗಗಳ ನಡುವೆ ಗೋಡೆಗಳನ್ನೆಬ್ಬಿಸಿದರು.

ಆದರೆ ಮಾಂಟೆಸ್ಕ್ಯೂ ಬಣ್ಣಿಸಿದ ಮನೆ ಇಂಗ್ಲೆಂಡಿನಲ್ಲಿ ನಿಜವಾಗಿಯೂ ಇತ್ತೇ? ಇದು ವಿಚಾರಮಾಡತಕ್ಕ ಪ್ರಶ್ನೆ. ಅಮೆರಿಕದ ಅಧ್ಯಕ್ಷನಾಗಲಿ ಆತನ ಕಾರ್ಯದರ್ಶಿಗಳಾಗಲಿ ಅಲ್ಲಿಯ ಶಾಸನಸಭೆಯ ಸದಸ್ಯರಾಗಿರಕೂಡದು. ಇಂಗ್ಲೆಂಡಿನಲ್ಲಾದರೋ ಮಂತ್ರಿಗಳು ಪಾರ್ಲಿಮೆಂಟಿನಲ್ಲಿ ಕುಳಿತೇ ರಾಜ್ಯಭಾರ ಮಾಡಬೇಕು. ಕಾಮನ್ಸ್ ಸಭೆಯ ವಿಶ್ವಾಸ ತಪ್ಪಿದರೆ ಅಧಿಕಾರವೂ ತಪ್ಪುತ್ತದೆ. ಕಾರ್ಯಾಂಗವೂ ಶಾಸನಾಂಗವೂ ಬಹುಮಟ್ಟಿಗೆ ಒಂದರಲ್ಲೊಂದು ಬೆರೆತಿರುವುದೇ ಈ ಪದ್ಧತಿಯ ಗುಟ್ಟು ಎಂದು ವಾಲ್ಟರ್ ಬ್ಯಾಜೆಟ್ ಎಂಬ ವಿಮರ್ಶಕನು 1867ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು. ಇನ್ನು ಲಾರ್ಡ್ ಚಾನ್ಸಲರ್ ಎಂಬ ಅಧಿಕಾರಿಯನ್ನು ನೋಡಿದರಂತೂ ವಿಭಾಗಸಿದ್ಧಾಂತಕ್ಕೆ ಹಾಸ್ಯಮಾಡಿದಂತೆಯೇ ತೋರುತ್ತಿತ್ತು. ಆತ ಮಂತ್ರಿಮಂಡಲದಲ್ಲಿ ಒಬ್ಬ ಮಂತ್ರಿ, ಲಾರ್ಡ್ಸ್ ಸಭೆಯಲ್ಲಿ ಅಧ್ಯಕ್ಷ, ನ್ಯಾಯಾಧಿಪತಿಗಳೆಲ್ಲರಿಗೂ ಮುಖ್ಯಸ್ಥ. ಮೂರು ಅಧಿಕಾರಗಳೂ ಒಂದೇ ನಿಲುವಂಗಿಯೊಳಗೆ ಮನೆಮಾಡಿಕೊಂಡಿದ್ದವು. 2005ರ ಸುಧಾರಣೆಯವರೆಗೂ ಇದೇ ಸ್ಥಿತಿ.

ಹಾಗಾದರೆ ಇಂಗ್ಲೆಂಡಿನಲ್ಲಿ ಅಧಿಕಾರವಿಭಾಗವೆಂಬುದು ಇಲ್ಲವೇ ಇಲ್ಲವೋ? ಇದೆ. ಆದರೆ ಅದು ಮೂರು ಕೋಣೆಗಳ ಮನೆಯಲ್ಲ. ಮಂತ್ರಿಗಳಿಗೂ ಪಾರ್ಲಿಮೆಂಟಿಗೂ ನಡುವೆ ತೆರೆದ ಅಂಗಳವಿದೆ. ನ್ಯಾಯಾಧಿಪತಿ ಕುಳಿತಿರುವ ಜಗಲಿಯ ಸುತ್ತ ಮಾತ್ರ ಬೇಲಿಯಿದೆ. ಆ ಬೇಲಿಯನ್ನು ಯಾವ ಸಿದ್ಧಾಂತಿಯೂ ನಕ್ಷೆ ಬರೆದು ಕಟ್ಟಿಸಲಿಲ್ಲ. ಒಂದೊಂದು ಗೂಟವನ್ನೂ ಒಂದೊಂದು ಕಲಹದ ಕಾಲದಲ್ಲಿ ಹುಗಿದದ್ದು. ಅದು ಹೇಗೆಂಬುದನ್ನೂ, ಅದರಿಂದ ಸಾಮಾನ್ಯ ಪ್ರಜೆಗೆ ದೊರೆತ ರಕ್ಷಣೆ ಎಷ್ಟೆಂಬುದನ್ನೂ ನಾವು ಈ ಹೊತ್ತು ಪರಿಶೀಲಿಸೋಣ. ಸ್ಕಾಟ್ಲೆಂಡಿಗೆ ಬೇರೆಯೇ ಆದ ಧರ್ಮಶಾಸನವೂ ನ್ಯಾಯಸ್ಥಾನಗಳೂ ಇರುವುದರಿಂದ ನಮ್ಮ ಮಾತು ಹೆಚ್ಚಾಗಿ ಇಂಗ್ಲೆಂಡಿಗೆ ಸಂಬಂಧಪಟ್ಟದ್ದೆಂದು ತಿಳಿಯಬೇಕು.

ಮೊದಲನೆಯ ಕಲಹ ಒಂದನೆಯ ಜೇಮ್ಸ್ ದೊರೆಯ ಕಾಲದ್ದು. ನ್ಯಾಯಾಧಿಪತಿಗಳು ಅರಸನ ಪ್ರತಿನಿಧಿಗಳಷ್ಟೆ, ಆದಕಾರಣ ತನಗೆ ಬೇಕಾದ ವ್ಯಾಜ್ಯವನ್ನು ತಾನೇ ತೆಗೆದುಕೊಂಡು ತೀರ್ಮಾನಿಸಬಹುದು ಎಂಬುದು ಆ ದೊರೆಯ ವಾದ. 1607ರಲ್ಲಿ ಈ ಮಾತು ಬಂದಾಗ ಕಾಮನ್ ಪ್ಲೀಸ್ ಎಂಬ ನ್ಯಾಯಸ್ಥಾನದ ಮುಖ್ಯನಾಗಿದ್ದ ಸರ್ ಎಡ್ವರ್ಡ್ ಕೋಕ್ ಅದನ್ನು ಒಪ್ಪಲಿಲ್ಲ. ದೊರೆಗೆ ದೇವರು ಒಳ್ಳೆಯ ಬುದ್ಧಿಯನ್ನು ಕೊಟ್ಟಿರುವನು ನಿಜ. ಆದರೆ ಪ್ರಜೆಗಳ ಪ್ರಾಣ, ಆಸ್ತಿ, ಹಕ್ಕುಗಳ ವಿಷಯವು ಹುಟ್ಟುಬುದ್ಧಿಯಿಂದ ತೀರ್ಮಾನವಾಗತಕ್ಕದ್ದಲ್ಲ, ದೀರ್ಘಕಾಲದ ವ್ಯಾಸಂಗದಿಂದಲೂ ಅನುಭವದಿಂದಲೂ ಬರುವ ಶಾಸ್ತ್ರಬುದ್ಧಿಯಿಂದ ತೀರ್ಮಾನವಾಗತಕ್ಕದ್ದು ಎಂಬುದು ಆತನ ಉತ್ತರ. ಹಾಗಾದರೆ ನಾನು ಶಾಸನಕ್ಕೆ ಅಧೀನನೋ ಎಂದು ದೊರೆ ಕೆರಳಿದಾಗ, ಅರಸನು ಯಾವ ಮನುಷ್ಯನಿಗೂ ಅಧೀನನಲ್ಲ, ದೇವರಿಗೂ ಶಾಸನಕ್ಕೂ ಅಧೀನನು ಎಂಬ ಹಳೆಯ ಆಚಾರ್ಯರೊಬ್ಬರ ವಾಕ್ಯವನ್ನು ಆತ ಎತ್ತಿ ಹೇಳಿದನಂತೆ. ಇದು ಕೋಕನೇ ಬರೆದಿಟ್ಟ ವೃತ್ತಾಂತ. ಅದೇ ಸಭೆಯನ್ನು ಕುರಿತ ಇನ್ನೊಂದು ಸಮಕಾಲೀನ ಪತ್ರದಲ್ಲಿ, ದೊರೆಯ ಕೋಪವನ್ನು ಕಂಡು ಕೋಕ್ ನೆಲಕ್ಕೆ ಬಿದ್ದು ಕ್ಷಮೆ ಬೇಡಿದನೆಂದಿದೆ. ಎರಡೂ ನಿಜವಿರಬಹುದು. ಮೊಣಕಾಲು ನಡುಗಿದರೂ ಮಾತು ನಿಂತಿತೆಂಬುದೇ ಮುಖ್ಯ. 1610ರಲ್ಲಿ ಆತನೂ ಇತರ ನ್ಯಾಯಾಧಿಪತಿಗಳೂ ಕೂಡಿ, ಅರಸನು ಬರಿಯ ಘೋಷಣೆಯಿಂದ ಹೊಸ ಅಪರಾಧವನ್ನು ಸೃಷ್ಟಿಸಲಾರನು, ಶಾಸನವು ಕೊಟ್ಟಷ್ಟೇ ಅಧಿಕಾರ ಅವನಿಗಿರುವುದು ಎಂದು ಅಭಿಪ್ರಾಯ ಕೊಟ್ಟರು. ಈ ಮಾತನ್ನು ನೆನಪಿನಲ್ಲಿಡಬೇಕು. ನಾಲ್ಕು ಶತಮಾನಗಳಾದ ಮೇಲೆ ಅದು ಪುನಃ ಕಾಣಿಸಿಕೊಳ್ಳುತ್ತದೆ.

ಈ ಧೈರ್ಯಕ್ಕೆ ದೊರೆತ ಪ್ರತಿಫಲವೆಂದರೆ ಪದಚ್ಯುತಿ. 1616ರಲ್ಲಿ ಕೋಕನನ್ನು ಕೆಲಸದಿಂದ ತೆಗೆದುಹಾಕಲಾಯಿತು. ಆಗ ನ್ಯಾಯಾಧಿಪತಿಗಳ ಸನ್ನದಿನಲ್ಲಿ ಸಾಮಾನ್ಯವಾಗಿ ಬರೆಯುತ್ತಿದ್ದುದು ‘ಅರಸನಿಗೆ ಇಷ್ಟವಿರುವವರೆಗೆ’ ಎಂದು. ಆ ಎರಡು ಮಾತುಗಳಲ್ಲಿಯೇ ಅವರ ಕೊರಳಿನ ಹಗ್ಗವಿತ್ತು. ಮೊದಲನೆಯ ಚಾರಲ್ಸನು ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಬಲವಂತದ ಸಾಲವನ್ನೆತ್ತಿದಾಗ, ಅದು ಶಾಸನಬದ್ಧವೆಂದು ಹೇಳಲೊಪ್ಪದ ಮುಖ್ಯ ನ್ಯಾಯಾಧಿಪತಿ ಕ್ರೂ 1626ರಲ್ಲಿ ಕೆಲಸ ಕಳೆದುಕೊಂಡನು. ಅದೇ ದೊರೆ ಹಡಗುತೆರಿಗೆ ಹಾಕಿದಾಗ ಜಾನ್ ಹ್ಯಾಂಪ್‌ಡನ್ ಎಂಬ ಗೃಹಸ್ಥನು ತನ್ನ ಪಾಲಿಗೆ ಬಂದ 20 ಷಿಲ್ಲಿಂಗುಗಳನ್ನು ಕೊಡಲೊಲ್ಲದೆ ನ್ಯಾಯಸ್ಥಾನಕ್ಕೆ ಹೋದನು. 1638ರಲ್ಲಿ 12 ಮಂದಿ ನ್ಯಾಯಾಧಿಪತಿಗಳಲ್ಲಿ 7 ಮಂದಿ ಅರಸನ ಕಡೆಗೂ 5 ಮಂದಿ ಹ್ಯಾಂಪ್‌ಡನ್ನನ ಕಡೆಗೂ ನಿಂತರು. ದೊರೆ ಗೆದ್ದನು. ಆದರೆ ಕೊಟ್ಟ ಅನ್ನವನ್ನು ಯಾವಾಗ ಬೇಕಾದರೂ ಕಿತ್ತುಕೊಳ್ಳಬಲ್ಲವನ ಪರವಾಗಿ ಬಂದ ತೀರ್ಪನ್ನು ಯಾರು ನಂಬುತ್ತಾರೆ? ಆ ಗೆಲವಿನಿಂದ ತೆರಿಗೆಯ ಮೇಲಿನ ಅವಿಶ್ವಾಸ ಹೋಗಲಿಲ್ಲ. ನ್ಯಾಯಪೀಠದ ಮೇಲಿನ ವಿಶ್ವಾಸ ಹೋಯಿತು. ನ್ಯಾಯಾಧಿಪತಿ ಅರಸನ ಕೈಗೊಂಬೆಯೆಂದು ಜನ ತಿಳಿದ ಮೇಲೆ ಆ ತೀರ್ಪು ಅರಸನಿಗೂ ಉಪಯೋಗಕ್ಕೆ ಬಾರದು. ಈ ಪಾಠವನ್ನು ಇಂಗ್ಲೆಂಡು ರಕ್ತ ಸುರಿಸಿ ಕಲಿಯಿತು.

ಎರಡನೆಯ ಜೇಮ್ಸನ ಕಾಲದಲ್ಲಿ ಇದೇ ರೋಗ ಮರುಕಳಿಸಿತು. ತನ್ನ ಇಷ್ಟಕ್ಕೆ ಬಾರದ ನ್ಯಾಯಾಧಿಪತಿಗಳನ್ನು ಆತ ಒಬ್ಬರಾದ ಮೇಲೊಬ್ಬರಂತೆ ತೆಗೆದುಹಾಕಿದನು. 1688ರಲ್ಲಿ ಏಳು ಮಂದಿ ಬಿಷಪ್ಪರ ಮೇಲೆ ರಾಜದ್ರೋಹಕರವಾದ ಬರವಣಿಗೆಯ ಆರೋಪ ಹೊರಿಸಿದಾಗ, ಜೂರಿಯವರು ಅವರನ್ನು ನಿರಪರಾಧಿಗಳೆಂದು ಬಿಟ್ಟರು. ಪೀಠದಲ್ಲಿದ್ದ ನಾಲ್ವರಲ್ಲಿ ಬಿಷಪ್ಪರಿಗೆ ಅನುಕೂಲವಾಗಿ ಮಾತನಾಡಿದ ಹಾಲೋವೆ ಮತ್ತು ಪೊವೆಲ್ ಎಂಬಿಬ್ಬರು ಕೂಡಲೇ ಕೆಲಸ ಕಳೆದುಕೊಂಡರು. ಆ ವರ್ಷವೇ ದೊರೆಯೂ ಸಿಂಹಾಸನ ಬಿಟ್ಟು ಓಡಿಹೋದನು.

ಇಷ್ಟು ಅನುಭವವಾದ ಮೇಲೆ 1701ರ ಉತ್ತರಾಧಿಕಾರ ಶಾಸನದಲ್ಲಿ ಪಾರ್ಲಿಮೆಂಟು ಒಂದು ಸಣ್ಣ ವಾಕ್ಯವನ್ನು ಸೇರಿಸಿತು. ನ್ಯಾಯಾಧಿಪತಿಗಳ ಸನ್ನದು ಇನ್ನು ಮುಂದೆ ‘ಸದ್ವರ್ತನೆಯಿರುವವರೆಗೆ’ ಎಂದಿರಬೇಕು. ಅವರ ಸಂಬಳ ಗೊತ್ತಾದದ್ದಾಗಿರಬೇಕು. ಪಾರ್ಲಿಮೆಂಟಿನ ಎರಡು ಸಭೆಗಳೂ ಕೂಡಿ ಬಿನ್ನಹ ಮಾಡಿದರೆ ಮಾತ್ರ ಅವರನ್ನು ತೆಗೆಯಬಹುದು ಎಂಬುದು ಅದರ ಸಾರ. ಇದು ಜಾರಿಗೆ ಬಂದದ್ದು 1714ರಲ್ಲಿ, ಹ್ಯಾನೋವರ್ ಮನೆತನದ ದೊರೆ ಪಟ್ಟಕ್ಕೆ ಬಂದಾಗ. ಆದರೂ ಒಂದು ಬಿರುಕು ಉಳಿದಿತ್ತು: ದೊರೆ ಸತ್ತರೆ ಸನ್ನದುಗಳೂ ಸಾಯುತ್ತಿದ್ದವು. ಮೂರನೆಯ ಜಾರ್ಜ್ ಪಟ್ಟಕ್ಕೆ ಬಂದ ಕಾಲದಲ್ಲಿ, 1761ರಲ್ಲಿ, ಆ ಬಿರುಕನ್ನೂ ಶಾಸನದ ಮೂಲಕ ಮುಚ್ಚಿದರು.

ಈ ಏರ್ಪಾಟು ಎಷ್ಟು ಗಟ್ಟಿಯೆಂಬುದಕ್ಕೆ ಒಂದೇ ನಿದರ್ಶನ ಸಾಕು. ಎರಡು ಸಭೆಗಳ ಬಿನ್ನಹದಿಂದ ಪದಚ್ಯುತನಾದ ನ್ಯಾಯಾಧಿಪತಿ ಇಂದಿನವರೆಗೆ ಒಬ್ಬನೇ: ಐರ್ಲೆಂಡಿನ ನೌಕಾನ್ಯಾಯಸ್ಥಾನದಲ್ಲಿದ್ದ ಸರ್ ಜೋನಾ ಬ್ಯಾರಿಂಗ್ಟನ್, 1830ರಲ್ಲಿ, ಕೋರ್ಟಿಗೆ ಸಂದಾಯವಾದ ಹಣವನ್ನು ಸ್ವಂತಕ್ಕೆ ಬಳಸಿಕೊಂಡ ಅಪರಾಧಕ್ಕಾಗಿ. ಇಂಗ್ಲೆಂಡಿನ ಉಚ್ಚನ್ಯಾಯಾಧಿಪತಿಗಳಲ್ಲಿ ಯಾರೊಬ್ಬರಿಗೂ ಆ ಗತಿ ಬರಲಿಲ್ಲ.

ಸಂಬಳದ ವಿಷಯವನ್ನು ಅಲ್ಪವೆಂದು ಭಾವಿಸಕೂಡದು. ಕೆಲಸದಿಂದ ತೆಗೆಯಲಾರದವನು ಹೊಟ್ಟೆಗೆ ಹಾಕುವುದನ್ನು ಕಡಮೆಮಾಡಿ ಅಂಜಿಸಬಹುದು. ಆದಕಾರಣ ನ್ಯಾಯಾಧಿಪತಿಗಳ ಸಂಬಳ ವರ್ಷವರ್ಷವೂ ಪಾರ್ಲಿಮೆಂಟಿನ ಚರ್ಚೆಗೆ ಬಾರದೆ ಶಾಶ್ವತನಿಧಿಯಿಂದ ನೇರವಾಗಿ ಸಲ್ಲುತ್ತದೆ. 1832ರಲ್ಲಿ ಸಾಮಾನ್ಯ ಉಚ್ಚನ್ಯಾಯಾಧಿಪತಿಗೆ ವರ್ಷಕ್ಕೆ 5000 ಪೌಂಡು ಎಂದು ಗೊತ್ತುಮಾಡಿದ ಮೊತ್ತ 1954ರವರೆಗೆ ಬದಲಾಗಲಿಲ್ಲ. ನಡುವೆ 1931ರ ಆರ್ಥಿಕ ಮುಗ್ಗಟ್ಟಿನಲ್ಲಿ ಸರ್ಕಾರಿ ನೌಕರರೊಡನೆ ನ್ಯಾಯಾಧಿಪತಿಗಳ ಸಂಬಳಕ್ಕೂ ನೂರಕ್ಕೆ 20ರಂತೆ ಖೋತಾ ಹಾಕಿದಾಗ ಅವರು ಪ್ರಧಾನಮಂತ್ರಿಗೆ ಪ್ರತಿಭಟನೆಯನ್ನು ಬರೆದು ಕಳುಹಿಸಿದರು. ನಷ್ಟ ತಮಗಾಯಿತೆಂಬುದಕ್ಕಿಂತ, ನ್ಯಾಯಾಧಿಪತಿಯೂ ಸರ್ಕಾರದ ಒಬ್ಬ ನೌಕರನೆಂದು ಎಣಿಸಿದ್ದರ ಮೇಲೆ ಅವರ ಆಕ್ಷೇಪಣೆ. ಮಂತ್ರಿಯು ನ್ಯಾಯಾಧಿಪತಿಯ ಯಜಮಾನನಲ್ಲವೆಂಬುದೇ ಇಲ್ಲಿಯ ತತ್ತ್ವ.

ಬೇಲಿ ಕಟ್ಟಿದ್ದಾಯಿತು. ಒಳಗೆ ಬೆಳೆದ ಬೆಳೆ ಯಾವುದು? 1762ರ ನವೆಂಬರಿನಲ್ಲಿ ಲಂಡನ್ನಿನ ಸ್ಟೆಪ್ನಿ ಎಂಬಲ್ಲಿ ಜಾನ್ ಎಂಟಿಕ್ ಎಂಬ ಬರಹಗಾರನ ಮನೆಗೆ ನೇಥನ್ ಕ್ಯಾರಿಂಗ್ಟನ್ ಮೊದಲಾದ ಅರಸನ ದೂತರು ನುಗ್ಗಿದರು. ಸರ್ಕಾರವನ್ನು ಟೀಕಿಸುತ್ತಿದ್ದ ‘ಮಾನಿಟರ್’ ಎಂಬ ವಾರಪತ್ರಿಕೆಗೆ ಆತ ಬರೆಯುತ್ತಿದ್ದನೆಂದು ಶಂಕೆ. ದೂತರು ನಾಲ್ಕು ಗಂಟೆಗಳ ಕಾಲ ಬೀಗ ಮುರಿದು, ಪೆಟ್ಟಿಗೆ ತೆರೆದು, ಕಾಗದಪತ್ರಗಳನ್ನೆಲ್ಲ ಜಾಲಾಡಿ, ಬೇಕಾದುದನ್ನು ಹೊತ್ತುಕೊಂಡು ಹೋದರು. ಅವರ ಕೈಯಲ್ಲಿದ್ದುದು ರಾಜ್ಯಕಾರ್ಯದರ್ಶಿ ಲಾರ್ಡ್ ಹ್ಯಾಲಿಫ್ಯಾಕ್ಸನು ರುಜುಮಾಡಿದ ವಾರಂಟು. ಎಂಟಿಕ್ ಮಾಡಿದ್ದು ಬಹು ಸರಳವಾದ ಕೆಲಸ. ನೆರೆಯವನು ಬೇಲಿ ದಾಟಿ ಹಿತ್ತಿಲಿಗೆ ಬಂದರೆ ಹೇಗೋ ಹಾಗೆಯೇ, ಅತಿಕ್ರಮಪ್ರವೇಶಕ್ಕಾಗಿ ಆ ದೂತರ ಮೇಲೆ ದಾವಾ ಹಾಕಿದನು.

ಸರ್ಕಾರದ ವಕೀಲರ ವಾದ ಎರಡು. ಇಂತಹ ವಾರಂಟುಗಳನ್ನು ಹಿಂದಿನಿಂದಲೂ ಕೊಡುತ್ತ ಬಂದಿದ್ದಾರೆ, ಯಾರೂ ಕೇಳಿರಲಿಲ್ಲ ಎಂಬುದೊಂದು. ರಾಜ್ಯದ ಕ್ಷೇಮಕ್ಕೆ ಇದು ಅವಶ್ಯ ಎಂಬುದಿನ್ನೊಂದು. 1765ರಲ್ಲಿ ತೀರ್ಪು ಹೇಳಿದ ಮುಖ್ಯ ನ್ಯಾಯಾಧಿಪತಿ ಲಾರ್ಡ್ ಕ್ಯಾಮ್ಡೆನ್ ಎರಡನ್ನೂ ತಳ್ಳಿಹಾಕಿದನು. ಮಂತ್ರಿಗೆ ಈ ಅಧಿಕಾರವನ್ನು ಕೊಟ್ಟ ಶಾಸನ ಯಾವುದು, ತೋರಿಸಿ. ಪುಸ್ತಕಗಳಲ್ಲಿ ಅದು ಸಿಕ್ಕದಿದ್ದರೆ ಆ ಅಧಿಕಾರವೇ ಇಲ್ಲ. ರಾಜ್ಯದ ಅವಶ್ಯಕತೆಯೆಂಬ ಮಾತು ಶಾಸನದ ಸ್ಥಾನವನ್ನು ಆಕ್ರಮಿಸಲಾರದು ಎಂಬುದು ಆತನ ತೀರ್ಪಿನ ತಿರುಳು. ಜೂರಿಯವರು ಗೊತ್ತುಮಾಡಿದ 300 ಪೌಂಡು ಪರಿಹಾರ ಎಂಟಿಕ್ಕನಿಗೆ ದೊರೆಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನ್ಯಾಯಾಧಿಪತಿ ಮಂತ್ರಿಯ ಆಡಳಿತವನ್ನು ತಾನು ಕೈಗೆ ತೆಗೆದುಕೊಳ್ಳಲಿಲ್ಲ. ಆ ಪತ್ರಿಕೆಯ ಟೀಕೆ ಸರಿಯೋ ತಪ್ಪೋ ಎಂದು ಹೇಳಲಿಲ್ಲ. ನಿನಗೆ ಈ ಅಧಿಕಾರ ಎಲ್ಲಿಂದ ಬಂತು ಎಂಬ ಒಂದೇ ಪ್ರಶ್ನೆ ಕೇಳಿದನು. ಪ್ರಜೆಗೆ ನಿಷೇಧವಿಲ್ಲದ್ದೆಲ್ಲ ಅನುಮತ. ಅಧಿಕಾರಿಗೆ ಅನುಮತಿಯಿಲ್ಲದ್ದೆಲ್ಲ ನಿಷಿದ್ಧ. ಆಂಗ್ಲ ನ್ಯಾಯಪೀಠದ ಬಲವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. 1993ರಲ್ಲಿ, ನ್ಯಾಯಾಲಯದ ಆಜ್ಞೆಯಿದ್ದರೂ ಆಶ್ರಯ ಬೇಡಿ ಬಂದ ಝೈರ್ ದೇಶದ ಒಬ್ಬ ಉಪಾಧ್ಯಾಯನನ್ನು ಮರಳಿ ಕರೆಸದೆ ಹೋದ ಗೃಹಮಂತ್ರಿಯ ನಡತೆ ನ್ಯಾಯಾಲಯದ ನಿಂದೆಯೆಂದು ಲಾರ್ಡ್ಸ್ ಸಭೆಯ ನ್ಯಾಯಾಧಿಪತಿಗಳು ಹೇಳಿದರು. ಮಂತ್ರಿಗಳು ಶಾಸನವನ್ನು ಪಾಲಿಸುವುದು ದಾಕ್ಷಿಣ್ಯದಿಂದಲ್ಲ, ಕರ್ತವ್ಯದಿಂದ ಎಂಬುದು ಅದರ ಅರ್ಥ.

ಪ್ರಶ್ನೆ ಕೇಳುವುದು ಶಾಂತಿಕಾಲದಲ್ಲಿ ಸುಲಭ. ಭಯದ ಕಾಲದಲ್ಲಿ ಕಷ್ಟ. ಎರಡನೆಯ ಮಹಾಯುದ್ಧದಲ್ಲಿ, ಒಬ್ಬನಿಂದ ದೇಶಕ್ಕೆ ಅಪಾಯವೆಂದು ನಂಬಲು ‘ಸಕಾರಣ’ವಿದ್ದರೆ ಗೃಹಮಂತ್ರಿ ಅವನನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಡಬಹುದೆಂಬ ನಿಬಂಧನೆಯಿತ್ತು. ಹಾಗೆ ಸೆರೆಯಾದ ಲಿವರ್‌ಸಿಜ್ ಎಂಬಾತ, ಆ ಕಾರಣವೇನೆಂದು ತಿಳಿಸಬೇಕೆಂದು ಕೇಳಿದನು. 1941ರ ನವೆಂಬರಿನಲ್ಲಿ ಲಾರ್ಡ್ಸ್ ಸಭೆಯ ಐವರಲ್ಲಿ ನಾಲ್ವರು, ಮಂತ್ರಿ ಪ್ರಾಮಾಣಿಕವಾಗಿ ಕಾರಣವಿದೆಯೆಂದು ಭಾವಿಸಿದರೆ ಸಾಕು, ನ್ಯಾಯಾಲಯ ಅದನ್ನು ತೂಗಿ ನೋಡಬೇಕಾಗಿಲ್ಲ ಎಂದರು. ಲಾರ್ಡ್ ಆಟ್ಕಿನ್ ಒಬ್ಬರೇ ಒಪ್ಪಲಿಲ್ಲ. ಕಾರಣವಿರುವುದು ಬೇರೆ, ಕಾರಣವಿದೆಯೆಂದು ಒಬ್ಬನು ಭಾವಿಸುವುದು ಬೇರೆ. ಯುದ್ಧದ ಸದ್ದಿನ ನಡುವೆಯೂ ಶಾಸನದ ಭಾಷೆ ಬದಲಾಗಬಾರದು. ನ್ಯಾಯಾಧಿಪತಿಗಳು ಕಾರ್ಯಾಂಗಕ್ಕಿಂತಲೂ ಹೆಚ್ಚಾಗಿ ಕಾರ್ಯಾಂಗದ ಪಕ್ಷ ಹಿಡಿಯಬಾರದು ಎಂದು ಅವರು ಬರೆದರು. ಮಾತಿಗೆ ತನಗೆ ಬೇಕಾದ ಅರ್ಥವನ್ನೇ ಕೊಡುವ, ಮಕ್ಕಳ ಕಥೆಯೊಂದರ ಮೊಟ್ಟೆಯಾಕಾರದ ಪಾತ್ರವನ್ನೂ ಹೋಲಿಕೆಗಾಗಿ ಎತ್ತಿಕೊಂಡರು. ಆ ಹೋಲಿಕೆಯನ್ನು ಬಿಟ್ಟುಬಿಡಬಹುದಲ್ಲವೇ ಎಂದು ಆಗಿನ ಲಾರ್ಡ್ ಚಾನ್ಸಲರ್ ಸೈಮನ್ ಪತ್ರ ಬರೆದರು. ಆಟ್ಕಿನ್ ಬಿಡಲಿಲ್ಲ. ಅಂದು ಒಂಟಿಯಾಗಿದ್ದ ಆ ಅಭಿಪ್ರಾಯವೇ ಸರಿಯೆಂದು, ನಾಲ್ವರ ತೀರ್ಪು ತಪ್ಪಾಗಿತ್ತೆಂದು, 1979ರಲ್ಲಿ ಅದೇ ಸಭೆಯಲ್ಲಿ ಲಾರ್ಡ್ ಡಿಪ್ಲಾಕ್ ಹೇಳಿದರು. ಸನ್ನದು, ಸಂಬಳಗಳು ನ್ಯಾಯಾಧಿಪತಿಗೆ ಅಂಜದಿರುವ ಅನುಕೂಲವನ್ನು ಕೊಡುತ್ತವೆ. ಅಂಜದಿರುವ ಮನಸ್ಸನ್ನು ಕೊಡಲಾರವು.

ಇನ್ನು ಈ ಅಧಿಕಾರದ ಎಲ್ಲೆಯನ್ನು ನೋಡೋಣ. ಮಂತ್ರಿಯನ್ನು ಕೇಳುವ ಪ್ರಶ್ನೆಯನ್ನು ಆಂಗ್ಲ ನ್ಯಾಯಾಧಿಪತಿ ಪಾರ್ಲಿಮೆಂಟನ್ನು ಕೇಳಲಾರನು. ಅಮೆರಿಕದಲ್ಲಿಯೂ ಇಂದಿನ ನಮ್ಮ ದೇಶದಲ್ಲಿಯೂ ರಾಜ್ಯಾಂಗಕ್ಕೆ ವಿರುದ್ಧವಾದ ಶಾಸನವನ್ನು ನ್ಯಾಯಾಲಯ ರದ್ದುಮಾಡಬಲ್ಲದು. ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟು ವಿಧಿಸಿದ್ದೇ ಶಾಸನ. ಬರ್ಮಾದ ವಿಷಯದಿಂದ ಇದು ಸ್ಪಷ್ಟವಾಗುತ್ತದೆ. 1942ರಲ್ಲಿ ಜಪಾನಿನವರು ರಂಗೂನಿನ ಹತ್ತಿರಕ್ಕೆ ಬಂದಾಗ, ಎಣ್ಣೆಯ ಸ್ಥಾವರಗಳು ಶತ್ರುವಿನ ಕೈಗೆ ಸಿಕ್ಕಬಾರದೆಂದು ಬ್ರಿಟಿಷ್ ಸೇನೆಯೇ ಅವುಗಳನ್ನು ನಾಶಮಾಡಿತು. ಬರ್ಮಾ ಆಯಿಲ್ ಕಂಪನಿ ಪರಿಹಾರ ಕೇಳಿತು. 1964ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಾಧಿಪತಿಗಳು ಪರಿಹಾರ ಸಲ್ಲಬೇಕೆಂದು ತೀರ್ಪಿತ್ತರು. ಮಾರನೆಯ ವರ್ಷವೇ ಪಾರ್ಲಿಮೆಂಟು, ಇಂತಹ ನಷ್ಟಕ್ಕೆ ಪರಿಹಾರವಿಲ್ಲ, ಹಿಂದೆಯೂ ಇರಲಿಲ್ಲ ಎಂದು ಪೂರ್ವಕಾಲಕ್ಕೂ ಅನ್ವಯಿಸುವಂತೆ ಶಾಸನ ಮಾಡಿ, ಗೆದ್ದವರ ಕೈಯಿಂದ ಗೆಲವನ್ನು ಕಿತ್ತುಕೊಂಡಿತು.

1998ರ ಮಾನವಹಕ್ಕುಗಳ ಶಾಸನವೂ ಈ ಎಲ್ಲೆಯನ್ನು ಅಳಿಸಲಿಲ್ಲ. ಪಾರ್ಲಿಮೆಂಟಿನ ಶಾಸನ ಹಕ್ಕುಗಳಿಗೆ ಹೊಂದುವುದಿಲ್ಲವೆಂದು ನ್ಯಾಯಾಲಯ ಬಹಿರಂಗವಾಗಿ ಸಾರಬಹುದು. ಆದರೆ ಶಾಸನ ಜಾರಿಯಲ್ಲಿಯೇ ಉಳಿಯುತ್ತದೆ. 2004ರ ಡಿಸೆಂಬರಿನಲ್ಲಿ, ವಿದೇಶೀಯರನ್ನು ಭಯೋತ್ಪಾದಕರೆಂಬ ಸಂಶಯದ ಮೇಲೆ ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅವಕಾಶಕೊಟ್ಟ ಶಾಸನ ಹೊಂದಿಕೆಯಿಲ್ಲದ್ದೆಂದು ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನ್ಯಾಯಾಧಿಪತಿಗಳು ಸಾರಿದರು. ಸೆರೆಮನೆಯ ಬಾಗಿಲು ಆ ಮಾತಿನಿಂದಲೇ ತೆರೆಯಲಿಲ್ಲ. ಆದರೆ 2005ರಲ್ಲಿ ಪಾರ್ಲಿಮೆಂಟು ತಾನೇ ಆ ಶಾಸನವನ್ನು ತೆಗೆದು ಬೇರೆ ಏರ್ಪಾಟನ್ನು ಮಾಡಿತು. ಇದಕ್ಕೆ ತದ್ವಿರುದ್ಧವಾದ ನಿದರ್ಶನವೂ ಉಂಟು. ಆಶ್ರಯ ಬೇಡಿ ಬಂದವರನ್ನು ಆಫ್ರಿಕದ ರುವಾಂಡಾಕ್ಕೆ ಕಳುಹಿಸುವ ಸರ್ಕಾರದ ಯೋಜನೆ, ಅಲ್ಲಿ ಅವರಿಗೆ ಕ್ಷೇಮವಿಲ್ಲದ ಕಾರಣ, ಶಾಸನವಿರುದ್ಧವೆಂದು 2023ರ ನವೆಂಬರಿನಲ್ಲಿ ಉಚ್ಚತಮ ನ್ಯಾಯಾಲಯ ಒಮ್ಮತದಿಂದ ಹೇಳಿತು. 2024ರಲ್ಲಿ ಪಾರ್ಲಿಮೆಂಟು ರುವಾಂಡಾ ಕ್ಷೇಮವಾದ ದೇಶವೆಂದೇ ಶಾಸನ ಮಾಡಿತು. ಸಾಕ್ಷ್ಯವನ್ನು ತೂಗಿ ಕಂಡ ಸಂಗತಿಯನ್ನು ಮತಗಳ ಎಣಿಕೆ ಬದಲಾಯಿಸಿತು. ಅದೇ ವರ್ಷ ಜುಲೈ ಚುನಾವಣೆಯಲ್ಲಿ ಸರ್ಕಾರ ಬದಲಾಗಿ ಯೋಜನೆಯನ್ನು ಕೈಬಿಟ್ಟರು. ತಡೆದದ್ದು ನ್ಯಾಯಪೀಠವಲ್ಲ, ಮತದಾರರು ತಂದ ಸರ್ಕಾರ.

ಇಷ್ಟು ಪ್ರಭಾವವುಳ್ಳ ಪಾರ್ಲಿಮೆಂಟಿನ ಒಂದು ಮೂಲೆಯಲ್ಲಿಯೇ ಬಹುಕಾಲ ದೇಶದ ಅತ್ಯುಚ್ಚ ನ್ಯಾಯಸ್ಥಾನವೂ ಇತ್ತೆಂಬುದು ವಿಚಿತ್ರ. ಕಡೆಯ ಅಪೀಲು ಲಾರ್ಡ್ಸ್ ಸಭೆಗೆ. ಶಾಸನ ಬಲ್ಲವರೂ ಬಲ್ಲದವರೂ ಅಲ್ಲಿ ಸದಸ್ಯರು. 1844ರಲ್ಲಿ ಐರ್ಲೆಂಡಿನ ನಾಯಕ ಡೇನಿಯಲ್ ಓ’ಕಾನೆಲ್ಲನ ಅಪೀಲಿನಲ್ಲಿ ಶಾಸನಜ್ಞರಲ್ಲದ ಪ್ರಭುಗಳು ಮತಕೊಡಲು ಎದ್ದಾಗ, ಹಾಗೆ ಮಾಡಿದರೆ ಸಭೆಯ ನ್ಯಾಯಾಧಿಕಾರಕ್ಕೇ ಕುಂದೆಂದು ತಿಳಿಯಹೇಳಿ ಅವರನ್ನು ತಡೆದರು. ಐವರು ಶಾಸನಜ್ಞರಲ್ಲಿ ಮೂವರ ಮತದಂತೆ ಓ’ಕಾನೆಲ್ ಬಿಡುಗಡೆಯಾದನು. ಸರ್ಕಾರಕ್ಕೆ ಅಪ್ರಿಯನಾದವನನ್ನು ಬಿಡಿಸಿದ್ದು ಬರೆದ ನಿಯಮವಲ್ಲ, ಕೈಯಲ್ಲಿದ್ದ ಮತವನ್ನು ಹಾಕದ ಸಂಯಮ. 1876ರ ಶಾಸನದಿಂದ ಸಂಬಳದ ನ್ಯಾಯಪ್ರಭುಗಳು ಬಂದು ಆ ಸಂಪ್ರದಾಯ ನೆಲೆಯಾಯಿತು.

ಇದೇ ನ್ಯಾಯಪ್ರಭುಗಳಲ್ಲಿ ಹಲವರು, 1833ರ ಶಾಸನದಂತೆ ಏರ್ಪಟ್ಟ ಪ್ರೀವಿ ಕೌನ್ಸಿಲ್ಲಿನ ನ್ಯಾಯಸಮಿತಿಯಲ್ಲಿ ಕುಳಿತು ಸಾಮ್ರಾಜ್ಯದ ಅಪೀಲುಗಳನ್ನೂ ಕೇಳುತ್ತಿದ್ದರು. ಧಾರವಾಡ, ಬಿಜಾಪುರಗಳ ದೊಡ್ಡ ವ್ಯಾಜ್ಯ ಬೊಂಬಾಯಿ ಹೈಕೋರ್ಟಿನಿಂದಲೂ, ಮಂಗಳೂರು, ಬಳ್ಳಾರಿಗಳ ವ್ಯಾಜ್ಯ ಮದರಾಸು ಹೈಕೋರ್ಟಿನಿಂದಲೂ ಕಡಲು ದಾಟಿ ಅಲ್ಲಿಗೆ ಹೋಗಬಹುದಾಗಿತ್ತು. ಮೈಸೂರು ಸಂಸ್ಥಾನದ ನ್ಯಾಯಸ್ಥಾನಗಳ ತೀರ್ಪಿನ ಮೇಲೆ ಮಾತ್ರ ಅಲ್ಲಿಗೆ ಅಪೀಲಿರಲಿಲ್ಲ. 1909ರಲ್ಲಿ ಸಯ್ಯದ್ ಅಮೀರ್ ಅಲಿಯವರು ಆ ಸಮಿತಿಯಲ್ಲಿ ಕುಳಿತ ಮೊದಲ ಭಾರತೀಯರಾದರು. ಭಾರತದ ಅಪೀಲುಗಳು 1949ರಲ್ಲಿ ನಿಂತವು.

ಈ ಹಳೆಯ ಬೆರಕೆಯನ್ನು ಬಿಡಿಸಿದ್ದು 2005ರ ರಾಜ್ಯಾಂಗ ಸುಧಾರಣಾ ಶಾಸನ. ಅದರ ಆರಂಭ ಅಷ್ಟು ಗೌರವದ್ದಾಗಿರಲಿಲ್ಲ. 2003ರ ಜೂನಿನಲ್ಲಿ ಮಂತ್ರಿಮಂಡಲವನ್ನು ಬದಲಾಯಿಸುತ್ತ, ಲಾರ್ಡ್ ಚಾನ್ಸಲರ್ ಪದವಿಯನ್ನೇ ರದ್ದುಮಾಡುವುದಾಗಿ ಸರ್ಕಾರ ಪ್ರಕಟಿಸಿತು. ಶತಮಾನಗಳ ಬೇರುಳ್ಳ ಪದವಿ ಒಂದು ಪ್ರಕಟಣೆಯಿಂದ ಹೋಗದೆಂಬುದು ಆಮೇಲೆ ತಿಳಿಯಿತು. ಕಡೆಗೆ ಪದವಿ ಉಳಿಯಿತು, ಕೆಲಸಗಳು ಹಂಚಿಹೋದವು. 2006ರಿಂದ ನ್ಯಾಯಾಂಗದ ಮುಖ್ಯಸ್ಥತೆ ಲಾರ್ಡ್ ಚೀಫ್ ಜಸ್ಟಿಸ್‌ರಿಗೆ ಬಂತು. ಲಾರ್ಡ್ಸ್ ಸಭೆ ತನ್ನ ಅಧ್ಯಕ್ಷರನ್ನು ತಾನೇ ಆರಿಸಿಕೊಂಡಿತು. ನ್ಯಾಯಾಧಿಪತಿಗಳನ್ನು ಆರಿಸಲು ಸ್ವತಂತ್ರ ಸಮಿತಿ ಏರ್ಪಟ್ಟಿತು. 2009ರ ಅಕ್ಟೋಬರ್ 1ರಿಂದ 12 ನ್ಯಾಯಾಧಿಪತಿಗಳ ಉಚ್ಚತಮ ನ್ಯಾಯಾಲಯ ಪಾರ್ಲಿಮೆಂಟಿನ ಎದುರಿಗಿರುವ ಚೌಕದ ಆಚೆಯ ಬೇರೊಂದು ಕಟ್ಟಡದಲ್ಲಿ ಕುಳಿತುಕೊಳ್ಳತೊಡಗಿತು.

ಈಗಲಾದರೂ ಮಾಂಟೆಸ್ಕ್ಯೂ ಬಣ್ಣಿಸಿದ ಗೋಡೆ ಎದ್ದಿತಲ್ಲ ಎಂದು ಸಂತೋಷಪಡುವಷ್ಟರಲ್ಲಿ ಒಂದು ಕೊರತೆ ಕಾಣಿಸಿಕೊಂಡಿತು. ಹಳೆಯ ಲಾರ್ಡ್ ಚಾನ್ಸಲರ್ ಸಿದ್ಧಾಂತಕ್ಕೆ ವಿರೋಧವಾಗಿದ್ದರೂ ನ್ಯಾಯಾಧಿಪತಿಗಳ ಪರವಾಗಿ ಮಂತ್ರಿಮಂಡಲದೊಳಗೆ ಮಾತನಾಡುವ ಹಿರಿಯ ಶಾಸನಜ್ಞನಾಗಿರುತ್ತಿದ್ದನು. 2012ರಲ್ಲಿ ನೇಮಕವಾದವರು ಶಾಸನಜ್ಞರೇ ಅಲ್ಲ. 2016ರ ನವೆಂಬರಿನಲ್ಲಿ, ಐರೋಪ್ಯ ಒಕ್ಕೂಟದಿಂದ ಹೊರಬರುವ ಸೂಚನೆಯನ್ನು ಪಾರ್ಲಿಮೆಂಟಿನ ಶಾಸನವಿಲ್ಲದೆ ಮಂತ್ರಿಗಳು ಕೊಡಲಾರರೆಂದು ಮೂವರು ನ್ಯಾಯಾಧಿಪತಿಗಳು ತೀರ್ಪಿತ್ತಾಗ, ಒಂದು ಪತ್ರಿಕೆ ಅವರ ಚಿತ್ರಗಳನ್ನು ಅಚ್ಚುಮಾಡಿ ಜನದ್ರೋಹಿಗಳೆಂಬ ಅರ್ಥದ ತಲೆಬರಹವನ್ನು ಹಾಕಿತು. ನ್ಯಾಯಾಧಿಪತಿ ಪತ್ರಿಕೆಗೆ ಉತ್ತರ ಕೊಡಲಾರನು. ಅವನ ಮಾತೆಲ್ಲ ತೀರ್ಪಿನಲ್ಲಿ. ಅವನ ಪರವಾಗಿ ಮಾತನಾಡಬೇಕಾಗಿದ್ದ ಲಾರ್ಡ್ ಚಾನ್ಸಲರ್ ತಡಮಾಡಿ, ಅಳೆದು ಮಾತನಾಡಿದರು. ಅದು ತಪ್ಪೆಂದು ಅಂದಿನ ಮುಖ್ಯ ನ್ಯಾಯಾಧಿಪತಿ ಲಾರ್ಡ್ ಥಾಮಸ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಹೇಳಿದರು. 2017ರ ಜನವರಿಯಲ್ಲಿ ಉಚ್ಚತಮ ನ್ಯಾಯಾಲಯ 8 ಮತಗಳಿಂದ, ವಿರುದ್ಧವಾಗಿ 3, ಅದೇ ತೀರ್ಪನ್ನು ಸ್ಥಿರಪಡಿಸಿತು.

2019ರಲ್ಲಿ ಇನ್ನೂ ದೊಡ್ಡ ಪರೀಕ್ಷೆ ಬಂತು. ಅದೇ ವಿಷಯದ ಚರ್ಚೆ ಬಿಸಿಯಾಗಿದ್ದ ಸಮಯದಲ್ಲಿ ಪ್ರಧಾನಮಂತ್ರಿಯ ಸಲಹೆಯಂತೆ ಪಾರ್ಲಿಮೆಂಟಿನ ಅಧಿವೇಶನವನ್ನು ಐದು ವಾರಗಳ ಕಾಲ ಮುಚ್ಚಲಾಯಿತು. ಸೆಪ್ಟೆಂಬರ್ 24ರಂದು ಹನ್ನೊಂದು ಮಂದಿ ನ್ಯಾಯಾಧಿಪತಿಗಳು ಒಮ್ಮತದಿಂದ, ಸಮರ್ಪಕವಾದ ಕಾರಣವಿಲ್ಲದೆ ಪಾರ್ಲಿಮೆಂಟಿನ ಕೆಲಸವನ್ನು ತಡೆದ ಆ ಸಲಹೆ ಶಾಸನವಿರುದ್ಧ, ಆದುದರಿಂದ ಮುಚ್ಚಿದ್ದು ಮುಚ್ಚಿದಂತೆಯೇ ಅಲ್ಲ ಎಂದರು. ಮಾರನೆಯ ದಿನ ಪಾರ್ಲಿಮೆಂಟು ಸೇರಿತು. ಆ ತೀರ್ಪಿನಲ್ಲಿ ಅವರು ಆಧಾರವಾಗಿ ಎತ್ತಿಕೊಂಡವುಗಳಲ್ಲಿ ಕೋಕನು ಜೇಮ್ಸ್ ದೊರೆಗೆ ಘೋಷಣೆಗಳ ವಿಷಯದಲ್ಲಿ ಕೊಟ್ಟ ಆ ಹಳೆಯ ಅಭಿಪ್ರಾಯವೂ ಒಂದು. ಕೋಕನಿಗೆ ಎದುರಾಗಿದ್ದವನು ಅರಸ. ಇವರಿಗೆ ಎದುರಾಗಿದ್ದವರು ಅರಸನ ಹೆಸರಿನಲ್ಲಿ ಅಧಿಕಾರ ನಡೆಸುವ ಮಂತ್ರಿಗಳು. ಕೇಳಿದ ಪ್ರಶ್ನೆ ಒಂದೇ. ನ್ಯಾಯಾಲಯ ರಾಜಕೀಯಕ್ಕೆ ಕೈಹಾಕಿತೆಂದು ಆಕ್ಷೇಪಿಸಿದ ವಿದ್ವಾಂಸರೂ ಇದ್ದಾರೆ. ಆದರೆ ಅದು ದೇಶ ಒಕ್ಕೂಟದಲ್ಲಿರಬೇಕೋ ಬಿಡಬೇಕೋ ಎಂಬುದನ್ನು ಮುಟ್ಟಲಿಲ್ಲ. ಆ ನಿರ್ಣಯವನ್ನು ಅದಕ್ಕೆ ಅಧಿಕಾರವುಳ್ಳ ಸಭೆಗೆ ಮರಳಿ ಒಪ್ಪಿಸಿತು.

ಇದನ್ನೆಲ್ಲ ಒಟ್ಟಿಗೆ ನೋಡಿದರೆ ನಮಗೆ ತೋರುವುದೇನು? ಕನ್ನಡದಲ್ಲಿ ಮರ್ಯಾದೆಯೆಂಬ ಮಾತಿಗೆ ಎರಡು ಅರ್ಥಗಳಿವೆ: ಎಲ್ಲೆಯೆಂಬುದೊಂದು, ಗೌರವವೆಂಬುದೊಂದು. ಇಂಗ್ಲೆಂಡಿನ ಅಧಿಕಾರವಿಭಾಗವು ಈ ಎರಡು ಅರ್ಥಗಳಲ್ಲಿಯೂ ಮರ್ಯಾದೆ. ಎಲ್ಲೆಯನ್ನು ಶಾಸನ ಗುರುತುಮಾಡಬಹುದು. ಅದಕ್ಕೆ ಬೆಲೆ ಬರುವುದು ಮಂತ್ರಿ ಸೋತ ತೀರ್ಪಿಗೂ ತಲೆಬಾಗಿದಾಗ, ಪಾರ್ಲಿಮೆಂಟು ತನಗೆ ಸಾಧ್ಯವಾದುದನ್ನೆಲ್ಲ ಮಾಡದೆ ಕೈತಡೆದಾಗ, ನ್ಯಾಯಾಧಿಪತಿ ತನ್ನ ಪ್ರಶ್ನೆಯನ್ನು ಮೀರಿ ಆಳಲು ಹೊರಡದಿದ್ದಾಗ. ಬರೆದ ರಾಜ್ಯಾಂಗವುಳ್ಳ ನಾವು ಇದರಿಂದ ಕಲಿಯಬೇಕಾದದ್ದು ಏನೂ ಇಲ್ಲವೆಂದು ತಿಳಿಯಬಾರದು. ಹಾಳೆಯ ಮೇಲಿನ ಗೋಡೆಯೂ ಜನ ಕಾಯ್ದಷ್ಟು ದಿನವೇ ನಿಲ್ಲುವುದು. ತನಗೆ ಇಷ್ಟವಿಲ್ಲದವನ ಮನೆಯ ಬೀಗವನ್ನು ಅಧಿಕಾರಿ ಮುರಿದಾಗ, ಆ ಅಧಿಕಾರ ಎಲ್ಲಿಂದ ಬಂತು ಎಂದು ನ್ಯಾಯಾಧಿಪತಿಯೊಡನೆ ತಾವೂ ಕೇಳುವ ಪ್ರಜೆಗಳಿರುವವರೆಗೆ ಆ ಬೇಲಿಗೆ ಅಪಾಯವಿಲ್ಲ.